ಮಾತ್ರೆ ನುಂಗುವವರನ್ನೂ ಒಂದು ಮಾತು ಕೇಳಿ

ನಿನ್ನೆ ಡೊಂಬಿವಲಿಯಲ್ಲಿ ಪರಿಚಯದವರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಆಟಿಸಂ ಇರುವ ಹುಡುಗನೊಬ್ಬ ಗೋಡೆಗೆ ಒರಗಿ ಕೂತಿದ್ದ. ಕೈಯಲ್ಲಿ ಪ್ರಸಾದದ ದೊನ್ನೆ, ಕಣ್ಣು ಎಳೆಯುತ್ತಿತ್ತು. "ಮೊದಲು ಎಷ್ಟು ಗಲಾಟೆ ಮಾಡ್ತಿದ್ದ ಅಲ್ವಾ? ಮಾತ್ರೆ ಶುರುವಾದ ಮೇಲೆ ನೋಡಿ, ಕೂರಿಸಿದಲ್ಲೇ ಕೂತಿರ್ತಾನೆ" ಅಂದರು ಒಬ್ಬರು. ಸುತ್ತ ಇದ್ದವರೆಲ್ಲ ಖುಷಿಯಿಂದ ತಲೆಯಾಡಿಸಿದರು. ಅವನ ಕೊರಳಲ್ಲಿ ಚಿತ್ರದ ಕಾರ್ಡುಗಳ ಗೊಂಚಲೇ ಇತ್ತು. ಹಸಿವು, ನೋವು, ನಿದ್ದೆ, ಬೇಡ ಅಂತ ತೋರಿಸೋಕೆ. ಅದನ್ನು ಹಿಡಿದು "ಹೇಗಿದೀಯಪ್ಪಾ?" ಅಂತ ಒಬ್ಬರೂ ಕೇಳಲಿಲ್ಲ. ನಾನು ಪಕ್ಕದಲ್ಲಿ ಕೂತು ಕೇಳಿದೆ. ನಡುಮಧ್ಯಾಹ್ನ ಅವನು 'ನಿದ್ದೆ' ಮೇಲೆ ಬೆರಳಿಟ್ಟ.

ನನಗೆ ಮೈಯೆಲ್ಲಾ ಉರಿದುಹೋಯಿತು. ಅದಕ್ಕೇ ಬರೀತಿದ್ದೇನೆ.

ನನಗೂ ಆಟಿಸಂ ಇದೆ ಅನ್ನೋದು ನಿಮಗೆ ಗೊತ್ತು. ಡಿಗ್ರಿ ಓದುವಾಗ ರಿಸ್ಪೆರಿಡೋನ್ ಅನ್ನೋ ಮಾತ್ರೆ (ಮನೋರೋಗಕ್ಕೆ ಕೊಡುವ ಆಂಟಿಸೈಕಾಟಿಕ್ ಗುಂಪಿನದ್ದು) ತಗೊಳ್ಳುತ್ತಿದ್ದೆ ಅನ್ನೋದು ಕೆಲವರಿಗೆ ಮಾತ್ರ ಗೊತ್ತು. ಮುಂಬೈ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿದರೂ ಕೂರೋಕೆ ಆಗುತ್ತಿರಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಲ್ಲುತ್ತಿದ್ದೆ. ಮನೆಗೆ ಬಂದರೂ ಅದೇ. ಬಾಲ್ಕನಿಯ ಗ್ರಿಲ್‌ನಿಂದ ಗ್ಯಾಸಿನ ಕಟ್ಟೆವರೆಗೆ, ಮತ್ತೆ ವಾಪಸ್. ಅಮ್ಮ ಡಾಕ್ಟರಿಗೆ "ಓಡಾಟ ಜಾಸ್ತಿ ಆಗಿದೆ" ಅಂದರು. ಆಟಿಸಂ ಜೋರಾಗಿದೆ ಅಂತ ಡಾಕ್ಟರು ಡೋಸ್ ಏರಿಸಿದರು. ನಾನು ಅದೇ ಕೋಣೆಯಲ್ಲಿದ್ದೆ. ನನ್ನ ಕಡೆ ಯಾರೂ ತಿರುಗಲಿಲ್ಲ.

ಆಮೇಲೆ ಬೇರೆ ಡಾಕ್ಟರೊಬ್ಬರು ನನ್ನನ್ನೇ ಕೇಳಿದರು: "ನಡೆದರೆ ಹಿತ ಅನ್ಸುತ್ತಾ, ಇಲ್ಲಾ ಕೂರೋಕೆ ಆಗದೆ ನಡೀತೀಯಾ?" ಇಷ್ಟೇ ಪ್ರಶ್ನೆ. ಚಿಕ್ಕಂದಿನಿಂದಲೂ ನಾನು ಅತ್ತಿಂದಿತ್ತ ನಡೆಯುವವಳೇ, ಅದರಲ್ಲಿ ನನಗೆ ಸುಖ ಇದೆ. ಈ ನಡಿಗೆಯಲ್ಲಿ ಸುಖ ಇರಲಿಲ್ಲ, ಮೂಳೆಯೊಳಗಿಂದ ಯಾರೋ ಎಬ್ಬಿಸುತ್ತಿದ್ದ ಹಾಗಿತ್ತು. ಇದಕ್ಕೆ ಅಕಥೀಸಿಯಾ ಅಂತಾರೆ. ಈ ಗುಂಪಿನ ಮಾತ್ರೆಗಳಿಂದ ಬರಬಹುದಾದ ಚಡಪಡಿಕೆ. ಹೊರಗಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತೆ. ವ್ಯತ್ಯಾಸ ಹೇಳಬೇಕಾದವರು ನಾವೇ. ನಮ್ಮನ್ನು ಕೇಳದಿದ್ದರೆ ಯಾರಿಗೆ ಹೇಗೆ ಗೊತ್ತಾಗಬೇಕು?

ಮುಟ್ಟು ನಿಂತಿತ್ತು. ಅದನ್ನೂ ಯಾರೂ ಕೇಳಲಿಲ್ಲ, ನಾನಾಗೇ ಹೇಳೋಕೂ ನನಗೆ ಬರಲಿಲ್ಲ. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿಸುತ್ತೆ, ಅದರಿಂದ ಹೀಗಾಗಬಹುದು ಅಂತ ತಿಳಿದಾಗ ಬಾತ್‌ರೂಮಿನಲ್ಲಿ ಕೂತು ಅತ್ತಿದ್ದೆ. ನನ್ನ ದೇಹದ ಸುದ್ದಿ ನನಗೇ ಕೊನೆಗೆ ಬಂತಲ್ಲ ಅಂತ.

ಒಂದು ವಿಷಯ ಸ್ಪಷ್ಟವಾಗಿರಲಿ. ಈ ಮಾತ್ರೆಗಳು ಆಟಿಸಂಗೆ ಔಷಧಿ ಅಲ್ಲ. ಅಮೆರಿಕದಲ್ಲಿ 2006ರಲ್ಲಿ ರಿಸ್ಪೆರಿಡೋನ್‌ಗೆ, 2009ರಲ್ಲಿ ಅದೇ ಗುಂಪಿನ ಅರಿಪಿಪ್ರಜೋಲ್‌ಗೆ ಒಪ್ಪಿಗೆ ಕೊಟ್ಟಿದ್ದು ಆಟಿಸಂ ಇರುವ ಮಕ್ಕಳ ವಿಪರೀತ ಸಿಟ್ಟು, ಹೊಡೆಯೋದು, ತಮಗೆ ತಾವೇ ಪೆಟ್ಟು ಮಾಡಿಕೊಳ್ಳೋದು ಇಂಥದ್ದಕ್ಕೆ. ಮಾತು ಬರಲಿ, ಕಣ್ಣು ಕೊಟ್ಟು ನೋಡಲಿ, ನೆಂಟರ ಮನೆಯಲ್ಲಿ ಸುಮ್ನೆ ಕೂರಲಿ ಅಂತಲ್ಲ.

"ರಾತ್ರಿ ಎರಡು ಗಂಟೆಗೆ ಮಗ ಗೋಡೆಗೆ ತಲೆ ಚಚ್ಚಿಕೊಳ್ಳುವಾಗ, ಪಕ್ಕದ ಮನೆಯವರು ಬಾಗಿಲು ಬಡಿಯುವಾಗ ನೀನು ಬಂದು ನೋಡು" ಅಂತ ಅಪ್ಪ-ಅಮ್ಮಂದಿರು ಅಂತೀರಿ. ಗೊತ್ತು. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಅದೆಷ್ಟು ಕಷ್ಟ ಅಂತ ನಮ್ಮಮ್ಮನ ಮುಖದಲ್ಲಿ ಕಂಡಿದ್ದೇನೆ. ಮಾತ್ರೆ ಕೆಲಸವನ್ನೂ ಮಾಡುತ್ತೆ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 101 ಮಕ್ಕಳಿದ್ದರು. ಎಂಟು ವಾರದಲ್ಲಿ ರಿಸ್ಪೆರಿಡೋನ್ ತಗೊಂಡವರಲ್ಲಿ ಶೇಕಡಾ 69 ಮಕ್ಕಳು ಸುಧಾರಿಸಿದರು, ಹೋಲಿಕೆಗೆ ಕೊಟ್ಟ, ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡವರಲ್ಲಿ ಶೇಕಡಾ 12. ಅದೇ ಎಂಟು ವಾರದಲ್ಲಿ ಮಾತ್ರೆಯವರ ತೂಕ ಸರಾಸರಿ 2.7 ಕಿಲೋ ಏರಿತು, ಉಳಿದವರದ್ದು 0.8. ಹಾಗಾಗಿ ಬೇಕಾದವರು ತಗೊಳ್ಳಲಿ. ಆದರೆ ಕಷ್ಟ ಇದೆ ಅನ್ನೋದು ಮಗುವನ್ನು ಕೇಳದೇ ಇರೋಕೆ ಕಾರಣ ಆಗಲ್ಲ. ಮಾತು ಬಾರದ ಮಗು ತಲೆ ಚಚ್ಚಿಕೊಳ್ಳೋದು ಹಲ್ಲುನೋವಿಗೂ ಇರಬಹುದು, ಕಿವಿನೋವಿಗೂ, ಮಲಬದ್ಧತೆಗೂ ಇರಬಹುದು. ಮೊದಲು ಅದನ್ನು ನೋಡಿದಿರಾ?

ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಸಂಸ್ಥೆ ನೈಸ್ (NICE) ಪ್ರಕಾರ ಈ ಮಾತ್ರೆ ಶುರು ಮಾಡಿದ ಮೂರು-ನಾಲ್ಕು ವಾರಕ್ಕೆ ಪರಿಶೀಲಿಸಬೇಕು, ಆರು ವಾರವಾದರೂ ಗುಣ ಕಾಣದಿದ್ದರೆ ನಿಲ್ಲಿಸಬೇಕು. ನಮ್ಮಲ್ಲಿ? ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತಂದು ವರ್ಷಗಟ್ಟಲೆ ನುಂಗಿಸೋರನ್ನು ನೋಡಿದ್ದೇನೆ. ತೂಕ, ಶುಗರ್, ಕೊಲೆಸ್ಟರಾಲ್ ನೋಡ್ತಾ ಇರಬೇಕು. ತುಟಿ, ನಾಲಿಗೆ, ಬೆರಳು ತಾವಾಗೇ ಅದುರುತ್ತವಾ ಅಂತ ಗಮನಿಸಬೇಕು. ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ಅದು ಉಳಿದುಬಿಡುತ್ತೆ.

ಇದನ್ನೋದಿ ಯಾರೂ ಇವತ್ತೇ ಮಾತ್ರೆ ನಿಲ್ಲಿಸಬೇಡಿ, ಪ್ಲೀಸ್. ಥಟ್ಟನೆ ಬಿಟ್ಟರೆ ಇನ್ನೊಂದು ಅನಾಹುತ. ಡಾಕ್ಟರ ಹತ್ತಿರ ಮಾತಾಡಿಯೇ ಮೆಲ್ಲಗೆ ಇಳಿಸಬೇಕು. ಆದರೆ ಮಗುವಿನ ಕಾರ್ಡಿನ ಗೊಂಚಲಿಗೆ ಇವನ್ನೂ ಸೇರಿಸಿ: ಕಾಲು ಚಡಪಡಿಕೆ, ತಲೆ ಭಾರ, ತುಂಬಾ ಹಸಿವು. ದಿನಾ ತೋರಿಸಿ, ಕೇಳಿ.

ದೊಡ್ಡವರಾದ ನಮ್ಮಂಥವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಒಂದು ದಾರಿ ಕೊಟ್ಟಿದೆ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡಬಹುದು. ನಾನು ಹೀಗೆ ಬರೆದಿಟ್ಟಿದ್ದೇನೆ: ನನಗೆ ಮಾತು ಹೊರಡದಿದ್ದಾಗ ಹಾಳೆ, ಪೆನ್ನು ಕೊಡಿ. ಈ ಮಾತ್ರೆ ಕೊಡಲೇಬೇಕಾದರೆ ಸಣ್ಣ ಡೋಸಿನಿಂದ ಶುರು ಮಾಡಿ. ಕಾಲಿನ ಬಗ್ಗೆ ಅಮ್ಮನನ್ನಲ್ಲ, ನನ್ನನ್ನು ಕೇಳಿ. ಕನ್ನಡದಲ್ಲೇ ಇದೆ, ಮಾದರಿ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೀನಿ.