ಕೆತ್ತಿದ ಬುಟ್ಟಿಯ ಕೆಸರು ಯೋಗ

ಮನೆಯ ಸಾಮಾನುಗಳಲ್ಲಿ ತೋಟದ ಬುಟ್ಟಿಯಷ್ಟು ಹೇಳುವವರು ಕೇಳುವವರಿಲ್ಲದ ವಸ್ತು ಇನ್ನೊಂದಿಲ್ಲ. ಪೊರಕೆಗಾದರೂ ಬಾಗಿಲ ಹಿಂದೆ ಒಂದು ಕಾಯಂ ಜಾಗವಿರುತ್ತದೆ. ಬುಟ್ಟಿ ಮಾತ್ರ ಕೈಬಿಟ್ಟಲ್ಲೇ ಬಿದ್ದಿರುತ್ತದೆ. ಕಿತ್ತ ಕಳೆ, ಮಣ್ಣು ಮೆತ್ತಿದ ಗೆಡ್ಡೆ, ಸವರಿದ ಮುಳ್ಳುಕೊಂಬೆ ಇವನ್ನೆಲ್ಲ ಹೊರಲು ಒಂದು ಪ್ಲಾಸ್ಟಿಕ್ ಬಕೆಟ್ ಧಾರಾಳವಾಗಿ ಸಾಕು. ಹಾಗಿರುವಾಗ ದಿಮ್ಮಿಯೊಂದನ್ನು ಮನೆಗೆ ತಂದು, ಅದರ ಹೊಟ್ಟೆ ಬಗೆದು, ಮೈಮೇಲೆ ಬಳ್ಳಿ ಬಿಡಿಸುತ್ತ ಕೂರುವವನ ತಲೆ ನೆಟ್ಟಗಿದೆಯೇ ಎಂದು ಮನೆಯವರು ಕೇಳಿದರೆ ಅವರನ್ನು ದೂರುವಂತಿಲ್ಲ. ನಾನು ಆ ತಲೆ ನೆಟ್ಟಗಿಲ್ಲದವರ ಪೈಕಿ.

ಈ ಹುಚ್ಚಿಗೆ ರಾಜಮನ್ನಣೆಯೂ ಸಿಕ್ಕಿದ್ದುಂಟು. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಹರ್ಸ್ಟ್‌ಮನ್ಸೂ ಎಂಬ ಹಳ್ಳಿಯಲ್ಲಿ ಥಾಮಸ್ ಸ್ಮಿತ್ ಎಂಬಾತ ದೋಣಿಯಾಕಾರದ ತೋಟದ ಬುಟ್ಟಿಗಳನ್ನು ಮಾಡುತ್ತಿದ್ದ. ‘ಟ್ರಗ್’ ಎಂದು ಅವುಗಳ ಹೆಸರು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅವನ್ನು ಕಂಡ ವಿಕ್ಟೋರಿಯಾ ರಾಣಿ ಮೆಚ್ಚಿ ಕೊಂಡಳು. ಆ ಬುಟ್ಟಿಯ ಅಂಚು ಮತ್ತು ಹಿಡಿ ಚೆಸ್ಟ್‌ನಟ್ ಮರದ್ದು. ಒಡಲಿಗೆ ವಿಲೋ ಮರದ ತೆಳು ಪಟ್ಟಿಗಳು, ಅಂದರೆ ಕ್ರಿಕೆಟ್ ಬ್ಯಾಟಿಗೆ ಬಳಸುವ ಅದೇ ಮರ. ಅದಕ್ಕೂ ಹಿಂದಿನ ಕಾಲದಲ್ಲಿ ಇಡೀ ಮರವನ್ನೇ ಕೊರೆದು ಮಾಡುತ್ತಿದ್ದರು. ಪಟ್ಟಿಯ ಬುಟ್ಟಿ ಹಗುರ, ಜಾಣತನದ ಕೆಲಸ, ಎಲ್ಲ ನಿಜ. ಆದರೆ ನನ್ನ ಒಲವು ಹಳೆಯ ಪದ್ಧತಿಯ ಕಡೆಗೆ. ತೆಳು ಪಟ್ಟಿಯ ಮೇಲೆ ಕೆತ್ತುವುದಕ್ಕೆ ಏನಿದೆ?

ಕೊರೆಯಲು ಮರ ಹಸಿಯಾಗಿರಬೇಕು. ಒಣಗಿದ ದಿಮ್ಮಿ ಉಳಿಯ ಬಾಯಿಯನ್ನೇ ಮೊಂಡು ಮಾಡಿ ಕಳಿಸುತ್ತದೆ. ಹಸಿ ದಿಮ್ಮಿಯನ್ನು ಬೆಣೆ ಬಡಿದು ಉದ್ದಕ್ಕೆ ಎರಡಾಗಿ ಸೀಳಿ, ನಟ್ಟನಡುವಿನ ತಿರುಳನ್ನು ಮೊದಲು ತೆಗೆದುಹಾಕಬೇಕು. ಬಿರುಕುಗಳ ತವರು ಅದೇ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಉಂಗುರಗಳ ಗುಂಟ ಕುಗ್ಗುವುದು ಮಾತ್ರ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ ದುಂಡಗೆ ಕೊರೆದದ್ದು ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಸಮನಾಗಿದ್ದ ಅಂಚು ಒಂದು ಕಡೆ ಹುಬ್ಬೇರಿಸಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದರೆ ನಗಬಹುದು. ಬುಟ್ಟಿ ಕೊರೆದವನು ಮರ ಡೊಂಕು ಎಂದರೆ ನಂಬಲೇಬೇಕು.

ಒಳಗನ್ನು ತೆಗೆಯುವುದೇ ಈ ಕೆಲಸದ ಸೊಗಸು. ಮೊದಲು ಬಾಚಿ, ಆಮೇಲೆ ಬಾಯಿ ಬಾಗಿದ ಉಳಿ ಮತ್ತು ಕೊಡತಿ. ಎರಡೂ ತುದಿಗಳಿಂದ ನಡುವಿನ ಕಡೆಗೆ ಇಳಿಜಾರಿನಲ್ಲೇ ಕೊರೆಯುತ್ತ ಬರಬೇಕು. ಅದೇ ಉಳಿಯನ್ನು ತಳದಿಂದ ಮೇಲಕ್ಕೆ ನೂಕಿ ನೋಡಿ: ಮೊನೆ ನಾರಿನ ಸಂದಿಗೆ ನುಗ್ಗಿ, ನಿಮಗೆ ಬೇಡದ ಕಡೆಯೆಲ್ಲ ಸಿಬಿರೆಬ್ಬಿಸಿ, ಸಾಕಿದವರ ಮಾತು ಕೇಳದ ಎತ್ತಿನ ಹಾಗೆ ತನ್ನ ದಾರಿ ಹಿಡಿಯುತ್ತದೆ. ತಳದಲ್ಲಿ ಎರಡೂ ಕಡೆಯ ನಾರುಗಳು ಮುಖಾಮುಖಿಯಾಗುವ ಅಂಗೈಯಗಲದ ಜಾಗವೊಂದಿದೆ. ಅಲ್ಲಿ ಉದ್ದಕ್ಕೆ ಹೇಗೆ ಕೊರೆದರೂ ತರಿತರಿ. ಉಳಿಯನ್ನು ಅಡ್ಡಕ್ಕೆ ತಿರುಗಿಸಿದರೆ ಮಾತ್ರ ಅದು ನುಣುಪಿಗೆ ಒಪ್ಪುತ್ತದೆ. ಗೋಡೆ ತೆಳುವಾಗುತ್ತ ಬಂದಂತೆ ಪೆಟ್ಟಿನ ಸದ್ದು ಬದಲಾಗುತ್ತದೆ. ಮಂಕಾಗಿ ಗೊಣಗುತ್ತಿದ್ದ ಮರ ಟೊಳ್ಳುದನಿ ತೆಗೆಯುತ್ತದೆ. ಆಗ ಉಳಿ ಕೆಳಗಿಟ್ಟು, ಹೆಬ್ಬೆರಳು ಒಳಗೆ ಉಳಿದ ಬೆರಳು ಹೊರಗೆ ಇಟ್ಟು ಅಂಚಿನುದ್ದಕ್ಕೂ ಸವರುತ್ತ ಹೋದರೆ, ಎಲ್ಲಿ ದಪ್ಪ ಎಲ್ಲಿ ತೆಳು ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಇನ್ನೊಂದು ಚೂರು, ಇನ್ನೊಂದೇ ಚೂರು ತೆಗೆಯೋಣ ಎಂಬ ಆಸೆ ಹುಟ್ಟುವುದೂ ಆಗಲೇ. ಆ ಗಳಿಗೆಯಲ್ಲಿ ಯಾರಾದರೂ ಕಾಫಿಗೆ ಕರೆದರೆ ತಕ್ಷಣ ಎದ್ದು ಹೋಗುವುದು ಬುಟ್ಟಿಯ ಆಯುಸ್ಸಿಗೆ ಒಳ್ಳೆಯದು.

ಕೊರೆದದ್ದನ್ನು ಬಿಸಿಲಿಗಿಡಬಾರದು. ಅದರದೇ ಚಕ್ಕೆ ಹೊಟ್ಟಿನ ನಡುವೆ ಹೂತು, ನೆರಳಲ್ಲಿ, ನಿಧಾನವಾಗಿ ಒಣಗಿಸಬೇಕು. ಇಷ್ಟರ ಮೇಲೂ ಕೂದಲೆಳೆಯ ಬಿರುಕು ಬಂದರೆ ಬರಲಿ. ತೊಳೆದ ಸೊಪ್ಪಿನ ನೀರು ಬಸಿಯಲು ಒಂದು ದಾರಿಯಾಯಿತು.

ಹಿಡಿಯ ಕಥೆ ಬೇರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಕಟ್ಟಿದವರು ಹಬೆ ಕೊಟ್ಟು ನೋಡಿದ್ದಂತಿಲ್ಲ. ಒಂದಂಗುಲ ದಪ್ಪಕ್ಕೆ ಒಂದು ಗಂಟೆಯ ಹಬೆ ಎಂಬುದು ಬಡಗಿಗಳ ಲೆಕ್ಕ. ಅಷ್ಟು ಹೊತ್ತಿಗೆ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟು ಮೆದುವಾಗಿ, ಗಂಟಿಲ್ಲದ ನೆಟ್ಟಗಿನ ಪಟ್ಟಿ ಕಮಾನಿನಂತೆ ಬಾಗುತ್ತದೆ. ಹಬೆಯಿಂದ ತೆಗೆದ ಮೇಲೆ ಮಾತ್ರ ಯೋಚಿಸುತ್ತ ನಿಲ್ಲುವಂತಿಲ್ಲ; ಬಿಸಿ ಆರುವುದರೊಳಗೆ ಅಚ್ಚಿಗೆ ಕಟ್ಟಿಬಿಡಬೇಕು.

ಇನ್ನು ಕೆತ್ತನೆ. ಕಲಾವಿದನಾಗುವ ಚಪಲ ಇಲ್ಲಿ ಎಲ್ಲರನ್ನೂ ಕಾಡುತ್ತದೆ. ದ್ರಾಕ್ಷಿಗೊಂಚಲು, ನವಿಲು, ಗೊಂಚಲಿನ ಮೇಲೆ ಕುಳಿತ ನವಿಲು! ಆಳವಾಗಿ ಕೆತ್ತಿ, ಎಲೆಯ ಅಡಿಯನ್ನೂ ಕೊರೆದು ಎಬ್ಬಿಸಿದ ಕೆತ್ತನೆ ಬಾಗಿಲವಾಡಕ್ಕೆ ಶೋಭೆ. ಬುಟ್ಟಿಯ ಮೇಲೆ ಆ ಸಂದುಗೊಂದುಗಳಲ್ಲಿ ಒದ್ದೆ ಮಣ್ಣು ಕೂತರೆ ಹೊರಗೆ ಬರುವುದಿಲ್ಲ, ಮಣ್ಣು ಬಾರದಿದ್ದರೆ ತೇವ ಆರುವುದಿಲ್ಲ, ತೇವ ಆರದ ಕಡೆ ಬೂಷ್ಟು ಸಂಸಾರ ಹೂಡುತ್ತದೆ. ಅಂಚಿನ ಕೆಳಗೆ, ಹೊರಮೈಯಲ್ಲಿ, ಕೈ ಹಿಡಿಯುವ ಜಾಗ ಬಿಟ್ಟು, ಒಂದು ತೆಳುಗೆರೆಯ ಬಳ್ಳಿ ಸಾಕು. ಚಾಕುವನ್ನು ಓರೆಯಾಗಿ ಹಿಡಿದು ಈ ಬದಿಯಿಂದ ಒಂದು, ಆ ಬದಿಯಿಂದ ಒಂದು ಗೀರು ಹಾಕಿದರೆ ನೂಲಿನಂಥ ಸಿಪ್ಪೆ ಸುರುಳಿ ಸುತ್ತಿ ಎದ್ದು ಬರುತ್ತದೆ. ಹೊಸದರಲ್ಲಿ ಆ ಗೆರೆ ಕಣ್ಣಿಗೆ ಅಷ್ಟಾಗಿ ಬೀಳದು. ನಾಲ್ಕು ಸಲ ತೋಟಕ್ಕೆ ಹೋಗಿಬಂದು, ಗೆರೆಯ ತಳದಲ್ಲಿ ಮಣ್ಣಿನ ಕಂದು ಇಳಿದ ಮೇಲೆ ಬಳ್ಳಿ ಎದ್ದು ಕಾಣುತ್ತದೆ. ಯಾವ ಅಂಗಡಿಯ ಬಣ್ಣವೂ ಗೆರೆಯನ್ನಷ್ಟೇ ಹುಡುಕಿಕೊಂಡು ಹೋಗಿ ಹೀಗೆ ಕೂರುವುದಿಲ್ಲ. ಅದಕ್ಕೇ ಬುಟ್ಟಿಗೆ ವಾರ್ನಿಷ್ ಬಳಿಯುವವರನ್ನು ಕಂಡರೆ ನನಗೆ ಅಸಮಾಧಾನ.

ಅಗಸೆ ಎಣ್ಣೆ ಸವರಿದರಾಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಈ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆಗ ಹುಟ್ಟುವ ಕಾವು ಮುದ್ದೆಯೊಳಗೇ ಸಿಕ್ಕಿಬಿದ್ದರೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರವಿ ಒಣಗಿಸಬೇಕು.

ನಿಜವಾದ ಅಪಾಯ ಎದುರಾಗುವುದು ಎಣ್ಣೆ ಒಣಗುವ ದಿನಗಳಲ್ಲಿ. ಅಲ್ಲಿಯವರೆಗೆ ಮೂಗು ಮುರಿಯುತ್ತಿದ್ದ ಮನೆಯವರು ಬುಟ್ಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡುತ್ತಾರೆ, ಬಳ್ಳಿಯ ಮೇಲೆ ಬೆರಳಾಡಿಸುತ್ತಾರೆ. ‘ಇಷ್ಟು ಚೆಂದದ್ದನ್ನು ಮಣ್ಣಿಗೆ ಹಾಕುತ್ತೀರಾ?’ ಎನ್ನುತ್ತಾರೆ. ಮರುದಿನ ನೋಡಿದರೆ ಅದು ನಡುಮನೆಯ ಮೇಜಿನ ಮೇಲಿರುತ್ತದೆ. ಒಳಗೆ ಬೀಗದ ಕೈ, ಟಿವಿ ರಿಮೋಟು, ಕಟ್ಟಬೇಕಾದ ಬಿಲ್ಲು. ವಾದಕ್ಕಿಳಿದು ಗೆದ್ದವರನ್ನು ನಾನು ಕಂಡಿಲ್ಲ. ಅದನ್ನು ಅಲ್ಲೇ ಬಿಟ್ಟು ಮತ್ತೆ ಬಾಚಿ ಎತ್ತಿಕೊಳ್ಳುವುದು ವಾಸಿ. ಸೀಳಿದ ದಿಮ್ಮಿಯ ಇನ್ನರ್ಧ ಹೇಗೂ ಇದೆಯಲ್ಲ. ತುದಿಗಳಿಗೆ ಮೇಣ ಬಳಿದು ಇಟ್ಟಿದ್ದರೆ ಅದಿನ್ನೂ ಹಸಿಯಾಗಿಯೇ ಇರುತ್ತದೆ.