ವೇದಿಕೆ ಸಾಕು, ಗೋಡೆ ಬೇಕು

ನಾಲ್ಕು ವರ್ಷಗಳ ಹಿಂದೆ ನಮ್ಮ ಊರ ಹತ್ತಿರ ನಡೆದ ಒಂದು ಗಡಿನಾಡ ಉತ್ಸವಕ್ಕೆ ನಾನು ಶಾಲೆಯ ಮಕ್ಕಳ ನಲುವತ್ತು ಚಿತ್ರಗಳನ್ನು ಒಯ್ದಿದ್ದೆ. ಆಮಂತ್ರಣ ಪತ್ರಿಕೆಯಲ್ಲಿ ‘ಚಿತ್ರಕಲಾ ಪ್ರದರ್ಶನ’ ಎಂದು ಅಚ್ಚಾಗಿತ್ತು. ಶಾಮಿಯಾನದ ಹಿಂಬದಿಯ ಬಟ್ಟೆಗೆ ಗುಂಡುಸೂಜಿ ಚುಚ್ಚಿ ಚಿತ್ರಗಳನ್ನು ತೂಗುಹಾಕಿದೆವು. ಮುಂದೆ ವೇದಿಕೆಯಲ್ಲಿ ದೀಪ ಬೆಳಗಿತು. ಸ್ವಾಗತ, ಪ್ರಾಸ್ತಾವಿಕ ಮಾತು, ಶಾಲು, ಹಾರ, ಸ್ಮರಣಿಕೆ, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಎಲ್ಲ ಮುಗಿಯುವಾಗ ಮಧ್ಯಾಹ್ನ ಎರಡು ಗಂಟೆ. ಜನ ಊಟಕ್ಕೆ ಎದ್ದರು. ಉಂಡು ಕೈ ತೊಳೆದು ಬರುವಷ್ಟರಲ್ಲಿ ಶಾಮಿಯಾನದವರು ಬಟ್ಟೆ ಬಿಚ್ಚತೊಡಗಿದ್ದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿ ಅಡಿಕೆ ಸುಲಿಯುತ್ತ ಕುಳಿತದ್ದನ್ನು ಬಿಡಿಸಿದ್ದಳು. ಆ ಚಿತ್ರ ಬಟ್ಟೆಯ ಜೊತೆಗೇ ನಾಲ್ಕು ಮಡಿಕೆಯಾಗಿತ್ತು. ಅದನ್ನು ನೋಡಲೆಂದೇ ಆ ಅಜ್ಜಿ ಎರಡು ಬಸ್ ಬದಲಿಸಿ ಬಂದಿದ್ದರು.

ಅಂದು ಬಸ್ ನಿಲ್ದಾಣದವರೆಗೂ ಅಜ್ಜಿಯ ಜೊತೆ ನಡೆದೆ. ಅವರು ಬೇಸರದ ಒಂದು ಮಾತೂ ಆಡಲಿಲ್ಲ. ಮಡಚಿದ ಹಾಳೆಯನ್ನು ಸೆರಗಿನ ಮೇಲಿಟ್ಟು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡುತ್ತಿದ್ದರು. ಕಾಸರಗೋಡಿನ ಕನ್ನಡಿಗರಿಗೆ ಈಗ ಬೇಕಾಗಿರುವುದು ಒಂದು ದಿನದ ವೇದಿಕೆಯಲ್ಲ, ಒಂದು ತಿಂಗಳು ಕದಲದೆ ನಿಲ್ಲುವ ಗೋಡೆ ಎಂದು ನನಗೆ ಅಂದೇ ಅನಿಸಿತು. ಆಮೇಲೆ ಕಂಡದ್ದೆಲ್ಲ ಅದನ್ನು ಗಟ್ಟಿಮಾಡಿದೆ.

ನಾನು ಕನ್ನಡ ಮಾಧ್ಯಮ ಶಾಲೆಯೊಂದರ ಚಿತ್ರಕಲಾ ಅಧ್ಯಾಪಕ. ಕೆಲಸ ಕೇರಳ ಸರಕಾರದ ಪಠ್ಯಕ್ರಮದಲ್ಲಿ, ಮಾತು ಕನ್ನಡ ಮತ್ತು ತುಳುವಿನಲ್ಲಿ, ಸಾಮಾನು ತರುವುದು ಮಂಗಳೂರಿನಿಂದ. ಹೀಗೆ ಎರಡು ಕಡೆಯ ರೀತಿಯನ್ನೂ ಹತ್ತಿರದಿಂದ ನೋಡುವ ಅವಕಾಶ ನಮ್ಮಂಥವರಿಗೆ ಬೇಡವೆಂದರೂ ಸಿಗುತ್ತದೆ.

ಮೊದಲು ಬೆಂಗಳೂರಿನ ಮಾತು. 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ಜನವರಿಯಲ್ಲಿ ಚಿತ್ರಸಂತೆ ನಡೆಸುತ್ತದೆ. ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ, ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಬದಿಯಲ್ಲೇ ಚಿತ್ರ ಹರಡಿ ಕೂರುತ್ತಾರೆ. ಒಂದು ವರ್ಷ ತಂಗಿಯ ಮನೆಯಲ್ಲಿ ಉಳಿದು ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ತಿರುಗಿದೆ. ಕೈಯಲ್ಲಿ ತರಕಾರಿ ಚೀಲ ಹಿಡಿದವರು ಜಲವರ್ಣದ ಮುಂದೆ ನಿಂತು ಬೆಲೆ ಕೇಳುವುದನ್ನು ಕಂಡು ಸಂತೋಷವಾಯಿತು. ಕಲೆ ಎಂದರೆ ಉಳ್ಳವರದು ಎಂಬ ಹಿಂಜರಿಕೆಯನ್ನು ಆ ಸಂತೆ ಮುರಿದಿದೆ. ಆದರೂ ಅದು ಸಂತೆ. ಕತ್ತಲಾದರೆ ರಸ್ತೆ ಮತ್ತೆ ವಾಹನಗಳದ್ದಾಗುತ್ತದೆ.

ಅದೇ ಬೆಂಗಳೂರು ಗೋಡೆಗಾಗಿ ಬೀದಿಗಿಳಿದದ್ದೂ ಉಂಟು. ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರಿನ ಸರಕಾರಿ ಕಲಾ ಗ್ಯಾಲರಿ ಕಸ್ತೂರಬಾ ರಸ್ತೆಯಲ್ಲಿದೆ. ಅದನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿಕೊಡುವ ಒಪ್ಪಂದ ಹೊರಬಿದ್ದಾಗ, 2016ರಲ್ಲಿ, ಕಲಾವಿದರು ಒಟ್ಟಾಗಿ ವಿರೋಧಿಸಿದರು. ಚಿಕ್ಕ ಬಾಡಿಗೆಗೆ ಯಾವ ಹೊಸಬನೂ ಚಿತ್ರ ತೂಗುಹಾಕಬಹುದಾದ ಜಾಗ ಕೈತಪ್ಪಬಾರದು ಎಂಬುದು ಅವರ ಕಳವಳ. ಪತ್ರಿಕೆಯಲ್ಲಿ ಆ ಸುದ್ದಿ ಓದುವಾಗ ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಕಳೆದುಕೊಳ್ಳಬಹುದು ಎಂದು ಹೆದರುವುದಕ್ಕಾದರೂ ಅವರ ಬಳಿ ಒಂದು ಗೋಡೆ ಇತ್ತು.

ಇನ್ನು ನಾವಿರುವ ರಾಜ್ಯ. ಕೇರಳ ಲಲಿತಕಲಾ ಅಕಾಡೆಮಿಯ ಕಚೇರಿ ಇರುವುದು ತ್ರಿಶೂರಿನಲ್ಲಿ. ಆದರೆ ಅದರ ಗ್ಯಾಲರಿಗಳು ಎರ್ನಾಕುಳಂ, ಕೋಝಿಕ್ಕೋಡು, ಆಲಪ್ಪುಳ ಎಂದು ಹಂಚಿಹೋಗಿವೆ. ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೂ ಒಂದಿದೆ. ಕಾಸರಗೋಡು ಪೇಟೆಯಿಂದ ಸುಮಾರು 25 ಕಿಲೋಮೀಟರ್. ನಾನು ಮೊದಲ ಬಾರಿ ಹೋದಾಗ ಯಾರೂ ಟಿಕೆಟ್ ಕೇಳಲಿಲ್ಲ, ನೀವು ಯಾರು ಎಂದೂ ಕೇಳಲಿಲ್ಲ. ಬ್ಯಾಂಕಿನ ಕೆಲಸ ಮುಗಿಸಿದ ಇಬ್ಬರು ಹೆಂಗಸರು, ಸಮವಸ್ತ್ರದ ನಾಲ್ಕು ಹುಡುಗರು, ಮಳೆಗೆ ಕೊಡೆ ಮಡಚಿ ಮೂಲೆಯಲ್ಲಿಟ್ಟ ಒಬ್ಬ ಮುದುಕರು. ಉದ್ಘಾಟನೆ ಮುಗಿದು ನಾಲ್ಕು ದಿನ ಕಳೆದಿತ್ತು. ಆದರೂ ಜನ ಬರುತ್ತಿದ್ದರು. ಕಲಾವಿದ ಅಲ್ಲೇ ಬೆಂಚಿನ ಮೇಲೆ ಕುಳಿತು, ಕೇಳಿದವರಿಗೆ ಹೇಳುತ್ತಿದ್ದ.

ಈ ಅಭ್ಯಾಸ ಅಲ್ಲಿಗೆ ಎಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. ನನ್ನ ತಿಳಿವಳಿಕೆಯಲ್ಲಿ ಅದರ ಬೇರು ಊರೂರಿನ ವಾಯನಶಾಲೆಯಲ್ಲಿ, ಅಂದರೆ ಊರ ಗ್ರಂಥಾಲಯದಲ್ಲಿ, ಇದೆ. ಪಿ.ಎನ್. ಪಣಿಕ್ಕರ್ 1945ರಲ್ಲಿ ತಿರುವಿದಾಂಕೂರಿನ 47 ಗ್ರಂಥಾಲಯಗಳನ್ನು ಒಂದೆಡೆ ಸೇರಿಸಿ ಕಟ್ಟಿದ ಸಂಘಟನೆ ಮುಂದೆ ಕೇರಳವನ್ನೆಲ್ಲ ವ್ಯಾಪಿಸಿತು. ಸಂಜೆ ಪತ್ರಿಕೆ ಓದಲು ಹೋಗುವವನಿಗೆ ಅದೇ ಕಟ್ಟಡದಲ್ಲಿ ಒಂದು ಫೋಟೋ ಪ್ರದರ್ಶನ, ಒಂದು ಚರ್ಚೆ, ಮಕ್ಕಳ ಚಿತ್ರ ಶಿಬಿರ ಕಣ್ಣಿಗೆ ಬೀಳುತ್ತದೆ. ಹೀಗೆ ಪಳಗಿದ ಕಣ್ಣುಗಳು ಇದ್ದುದರಿಂದಲೇ 2012ರ ಡಿಸೆಂಬರ್ 12ರಂದು ಕೊಚ್ಚಿಯಲ್ಲಿ ಬಿಯೆನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತಾರಾಷ್ಟ್ರೀಯ ಕಲಾಮೇಳ, ಶುರುವಾದಾಗ ಅದು ಹೊರಗಿನವರ ಮೇಳವಷ್ಟೇ ಆಗಿ ಉಳಿಯಲಿಲ್ಲ. ಮುಂದಿನ ಆವೃತ್ತಿಯೊಂದಕ್ಕೆ ನಾನು ರಾತ್ರಿಯ ಮಲಬಾರ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ, ಎರ್ನಾಕುಳಂ ಜೆಟ್ಟಿಯಿಂದ ದೋಣಿ ಹತ್ತಿ ಫೋರ್ಟ್ ಕೊಚ್ಚಿಗೆ ಇಳಿದೆ. ಆಸ್ಪಿನ್‌ವಾಲ್ ಕಂಪನಿಯ ಹಳೆಯ ಗೋದಾಮುಗಳ ಗಾರೆ ಕಿತ್ತ ಗೋಡೆಗಳಲ್ಲಿ ದೇಶವಿದೇಶಗಳ ಕಲಾಕೃತಿಗಳಿದ್ದವು. ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ಮೀನು ಮಾರಿ ಖಾಲಿ ಬುಟ್ಟಿ ಹೊತ್ತು ಬಂದಿದ್ದ ಒಬ್ಬ ತಾಯಿ.

ಹಾಗಾದರೆ ಕೇರಳದ ರೀತಿಯೇ ಸರಿ, ನಮ್ಮದು ತಪ್ಪು ಎಂದು ಬರೆದು ಮುಗಿಸಬಹುದಿತ್ತು. ಆದರೆ ಕಾಞಂಗಾಡಿಗೆ ನಾನು ಮಕ್ಕಳನ್ನು ಕರೆದೊಯ್ದ ದಿನ ಬೇರೊಂದು ಸಂಗತಿ ಕಂಡೆ. ಚಿತ್ರಗಳ ಕೆಳಗಿನ ಚೀಟಿಗಳು ಮಲಯಾಳ ಮತ್ತು ಇಂಗ್ಲಿಷಿನಲ್ಲಿದ್ದವು. ಮಾತುಕತೆ ಮಲಯಾಳದಲ್ಲಿ. ತರಗತಿಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವ ನನ್ನ ಮಕ್ಕಳು ಅಲ್ಲಿ ಕೈಕಟ್ಟಿ ನಿಂತರು. ಚಂದ್ರಗಿರಿ ಹೊಳೆ ದಾಟಿದರೆ ಅದು ನಮ್ಮದಲ್ಲದ ಜಾಗ ಎಂಬ ಭಾವನೆ ಅವರಲ್ಲಿ ಆಗಲೇ ಬೇರೂರಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ಹೊಳೆಯ ಹೆಸರಿನಲ್ಲಿ ನಾವು ಅರ್ಜಿ, ಧರಣಿ, ಮೆರವಣಿಗೆ ಎಲ್ಲ ಮಾಡಿದ್ದೇವೆ. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದದ್ದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಕಚೇರಿಯ ಫಲಕದಲ್ಲಿ, ಅರ್ಜಿ ನಮೂನೆಯಲ್ಲಿ ಕನ್ನಡ ಬೇಕೆಂದು ಕೇಳುತ್ತೇವೆ, ಕೇಳಲೇಬೇಕು. ಚಿತ್ರದ ಕೆಳಗಿನ ಅಂಗೈಯಗಲದ ಚೀಟಿಯಲ್ಲಿ ಕನ್ನಡ ಬೇಕೆಂದು ನಮ್ಮಲ್ಲಿ ಯಾರಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ. ನಾನೂ ಅಂದಿನವರೆಗೆ ಕೇಳಿರಲಿಲ್ಲ.

ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಎಂದರೆ ನಮ್ಮ ಮಕ್ಕಳು ಎದ್ದು ನಿಂತು ಪದ್ಯ ಹೇಳುತ್ತಾರೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ಒಂದು ರೇಖೆಯನ್ನೂ ಅವರು ನೋಡಿಲ್ಲ. ಮಲಂಪುಳದ ‘ಯಕ್ಷಿ’ ಶಿಲ್ಪವನ್ನು 1969ರಲ್ಲಿ ಮಾಡಿದ ಕಾನಾಯಿ ಕುಞ್ಞಿರಾಮನ್ ನಮ್ಮದೇ ಜಿಲ್ಲೆಯ ಚೆರುವತ್ತೂರು ಕಡೆಯವರು ಎಂಬುದೂ ಗೊತ್ತಿಲ್ಲ. ಹೆಬ್ಬಾರರು ನಮ್ಮ ಭಾಷೆಯವರು, ಕಾನಾಯಿ ನಮ್ಮ ನೆಲದವರು. ಇಬ್ಬರೂ ನಮ್ಮ ಮಕ್ಕಳ ಕಣ್ಣಿಗೆ ಬಿದ್ದಿಲ್ಲ.

ಇಲ್ಲಿ ಒಂದು ಮಾತನ್ನು ನಿಧಾನವಾಗಿ ಹೇಳಬೇಕು. ನಮ್ಮ ನಾಡಿನ ಕಲೆಗಳೆಲ್ಲ ಒಂದು ರಾತ್ರಿಯವು. ಯಕ್ಷಗಾನ ಬೆಳಗಿನ ಮಂಗಳದೊಂದಿಗೆ ಮುಗಿಯುತ್ತದೆ. ಭೂತದ ಮುಖವರ್ಣಿಕೆಯನ್ನು ಬೆಳಕು ಹರಿದ ಮೇಲೆ ಎಣ್ಣೆ ಹಚ್ಚಿ ಒರೆಸುತ್ತಾರೆ. ನಾಗಮಂಡಲದಲ್ಲಿ ಗಂಟೆಗಟ್ಟಲೆ ಕೂತು ಬರೆದ ಮಂಡಲ ಪಾತ್ರಿಯ ಕುಣಿತದಲ್ಲಿ ಅಳಿಸಿಹೋಗುತ್ತದೆ. ನೆಲದ ಮೇಲೆ ಬಣ್ಣದ ಪುಡಿಯಿಂದ ಬರೆಯುವ ಕೇರಳದ ಕಳಂ ಕೂಡ ಹಾಗೆಯೇ. ಬಣ್ಣಗಳೂ ಒಂದೇ: ಹಳದಿಗೆ ಅರಿಶಿನ, ಕೆಂಪಿಗೆ ಅರಿಶಿನಕ್ಕೆ ಬೆರೆಸಿದ ಸುಣ್ಣ, ಹಸುರಿಗೆ ಒಣಗಿಸಿ ಕುಟ್ಟಿದ ಎಲೆ, ಕಪ್ಪಿಗೆ ಸುಟ್ಟ ಭತ್ತದ ಹೊಟ್ಟು. ಬಿಳಿಗೆ ಮಾತ್ರ ಅಲ್ಲಿ ಅಕ್ಕಿಹಿಟ್ಟು, ಇಲ್ಲಿ ಬಿಳಿಮಣ್ಣಿನ ಪುಡಿ. ಅಳಿಯುವುದೇ ಆ ಕಲೆಗಳ ಧರ್ಮ, ಅದನ್ನು ಗೌರವಿಸುತ್ತೇನೆ. ಆದರೆ ಚಿತ್ರಕ್ಕೆ ಆ ಧರ್ಮವಿಲ್ಲ. ಚಿತ್ರ ಕಾಯುತ್ತದೆ. ಇವತ್ತು ಅರ್ಥವಾಗದಿದ್ದರೆ ನಾಳೆ ಬಾ ಎನ್ನುತ್ತದೆ. ಆಟಕ್ಕೆ ಕಟ್ಟುವ ರಂಗಸ್ಥಳದ ಲೆಕ್ಕದಲ್ಲೇ ನಾವು ಚಿತ್ರ ಪ್ರದರ್ಶನವನ್ನೂ ನಡೆಸುತ್ತ ಬಂದಿದ್ದೇವೆ ಎಂಬುದು ನನ್ನ ದೂರು. ನಮ್ಮ ಭೂತಕೋಲದಂಥ ತೆಯ್ಯಂ ಕೂಡ ಒಂದು ರಾತ್ರಿಯದೇ, ಆದರೂ ಕೇರಳದವರು ಅದರ ಪಕ್ಕದಲ್ಲಿ ಗೋಡೆಯನ್ನೂ ಕಟ್ಟಿಕೊಂಡರು.

ಉಳಿಯುವ ಗೋಡೆ ಏನು ಮಾಡಬಲ್ಲದು ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡದ ಕಾಸರಗೋಡಿನ ಶಾಲಾ ಪ್ರವಾಸವೇ ಅಪರೂಪ. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅದರ ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿದರು. ನನ್ನ ತಂದೆ ಬಾಲಕನಾಗಿ ಕತ್ತೆತ್ತಿ ನೋಡಿದ್ದ ಅದೇ ಚಿತ್ರವನ್ನು ನಾನು ನೋಡಿದೆ, ಈಗ ನನ್ನ ವಿದ್ಯಾರ್ಥಿಗಳು ನೋಡುತ್ತಾರೆ. ಯಾವ ಸಮಾರಂಭವೂ ಹೀಗೆ ಮೂರು ತಲೆಮಾರಿಗೆ ದಕ್ಕುವುದಿಲ್ಲ.

ಎರಡು ವರ್ಷಗಳ ಹಿಂದೆ, ಡಿಸೆಂಬರಿನಲ್ಲಿ, ನಾವು ಕೆಲವು ಅಧ್ಯಾಪಕರು ಸೇರಿ ಒಂದು ಪ್ರಯತ್ನ ಮಾಡಿದೆವು. ಊರಿನ ವಾಯನಶಾಲೆಯವರು ಒಂದು ಕೋಣೆ ಕೊಟ್ಟರು. ಮಳೆಗಾಲದಲ್ಲಾದರೆ ನಮ್ಮ ಕಡೆಯ ಗೋಡೆಗಳು ಬೆವರುತ್ತವೆ, ಕಾಗದ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಡಿಸೆಂಬರ್ ಆರಿಸಿಕೊಂಡೆವು. ಹಗ್ಗ ಎಳೆದು, ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ, ಯಕ್ಷಗಾನದ ವೇಷ ಕಟ್ಟುವ ಚೌಕಿಯ ಫೋಟೋಗಳನ್ನೂ ಮಕ್ಕಳ ಚಿತ್ರಗಳನ್ನೂ ತೂಗುಹಾಕಿದೆವು. ಮೇಜಿನ ಮೇಲೆ ಎರಡು ಹಳೆಯ ಕಿರೀಟಗಳು, ಬೇಗಡೆ ಅಲ್ಲಲ್ಲಿ ಕಿತ್ತು ಮರ ಕಾಣುತ್ತಿದ್ದಂಥವು. ಉದ್ಘಾಟನೆ ಇಲ್ಲ. ಬಾಗಿಲು ತೆರೆದೆವು, ಅಷ್ಟೆ. ಹದಿನೈದು ದಿನ.

ಮೊದಲ ಎರಡು ದಿನ ಹತ್ತು ಮಂದಿಯೂ ಬರಲಿಲ್ಲ. ಮೂರನೆಯ ದಿನ ಆಟೋ ನಿಲ್ದಾಣದವರು ಬಂದರು. ಆಮೇಲೆ ಅಂಗನವಾಡಿಯ ಟೀಚರ್, ಮಕ್ಕಳ ಕೈಹಿಡಿದು. ಒಬ್ಬ ಕೃಷಿಕರು ಮೂರು ಸಲ ಬಂದರು, ಮೂರನೆಯ ಸಲ ಹೆಂಡತಿಯನ್ನೂ ಕರೆತಂದು ಒಂದೇ ಫೋಟೋದ ಮುಂದೆ ನಿಲ್ಲಿಸಿ ಏನೋ ತೋರಿಸಿದರು. ಎರಡನೆಯ ಭಾನುವಾರ ಯಕ್ಷಗಾನದ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಹಿರಿಯ ಕಲಾವಿದರೊಬ್ಬರು ಬಂದು ಕುಳಿತು ಚುಟ್ಟಿ ಇಡುವುದನ್ನು ತೋರಿಸಿದರು. ಅಕ್ಕಿ ಮತ್ತು ಸುಣ್ಣ ಅರೆದ ಬಿಳಿ ಹಿಟ್ಟು ಚಿಕ್ಕ ಬಟ್ಟಲಲ್ಲಿ. ತೆಂಗಿನ ಗರಿಯ ಕಡ್ಡಿಯ ತುದಿಯಿಂದ ಒಂದು ಬಿಂದು ಎತ್ತಿ ಕೆನ್ನೆಗೆ ತಾಗಿಸಿ ಮೇಲಕ್ಕೆ ಎಳೆದು ಬಿಡುವುದು. ಅದು ಮುಳ್ಳಿನಂತೆ ನಿಲ್ಲುತ್ತದೆ. ಒಣಗುವವರೆಗೆ ಕಾಯಬೇಕು, ಮತ್ತೆ ಅದರ ಮೇಲೊಂದು. ಪಕ್ಕದ ಮಲಯಾಳ ಶಾಲೆಯ ಹುಡುಗನೊಬ್ಬ ಮುಂದೆ ಬಂದು, “ಕಥಕಳಿಯಲ್ಲೂ ಇದಕ್ಕೆ ಚುಟ್ಟಿ ಎಂದೇ ಹೇಳುವುದು” ಎಂದು ಮಲಯಾಳದಲ್ಲಿ ಹೇಳಿದ. ಹಿರಿಯರು ಕಡ್ಡಿಯನ್ನು ಅವನ ಕೈಗೆ ಕೊಟ್ಟು, ತಮ್ಮ ಎಡಗೆನ್ನೆ ಮುಂದೆ ಮಾಡಿ, “ಇಡು ಮಗ” ಎಂದರು. ಆ ಹುಡುಗನ ಕೈ ನಡುಗುತ್ತಿತ್ತು. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

ಅಜ್ಜಿಯೂ ಬಂದರು. ಅವರ ಚಿತ್ರ ಬಾಗಿಲಿಗೆ ಎದುರಾಗಿ ಇತ್ತು, ಮಡಿಕೆಯ ಗೆರೆಗಳೊಂದಿಗೆ.

ಆದ್ದರಿಂದ ನನ್ನ ಕೋರಿಕೆ ಎರಡು ಕಡೆಗೂ ಇದೆ. ಗಡಿನಾಡಿನ ಕನ್ನಡಕ್ಕೆಂದು ಬೆಂಗಳೂರಿನಿಂದ ಅನುದಾನ ಬರುತ್ತದೆ. ಅದನ್ನು ತರುವವರ ಶ್ರಮ ನನಗೆ ಗೊತ್ತು. ವರ್ಷದ ಹತ್ತು ಸಮಾರಂಭಗಳಲ್ಲಿ ಎರಡನ್ನು ಬಿಟ್ಟುಕೊಟ್ಟು, ಆ ಹಣದಲ್ಲಿ ಒಂದು ಕೋಣೆಗೆ ಸುಣ್ಣ ಬಳಿಸಿ, ದೀಪ ಹಾಕಿಸಿ, ಸಂಜೆ ಬಾಗಿಲು ತೆರೆಯಲು ಒಬ್ಬರಿಗೆ ಸಂಬಳ ಕೊಡಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆನಪಿನ ಸ್ಮಾರಕ ‘ಗಿಳಿವಿಂಡು’ ಇದೆ, ಕಾಸರಗೋಡಿನಲ್ಲಿ ಯಕ್ಷಗಾನ ಬೊಂಬೆಯಾಟವನ್ನು ಉಳಿಸಿಕೊಂಡು ಬಂದವರಿದ್ದಾರೆ. ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗಿಲ್ಲ. ಕೇರಳದ ಅಕಾಡೆಮಿಗೆ ನಾನು ಕೇಳುವುದು ಇನ್ನೂ ಚಿಕ್ಕದು: ಈ ಜಿಲ್ಲೆಯ ನಿಮ್ಮ ಗೋಡೆಯ ಚೀಟಿಗಳಲ್ಲಿ ಕನ್ನಡವೂ ಇರಲಿ. ಅನುವಾದ ನಾವು ಮಾಡಿಕೊಡುತ್ತೇವೆ, ಬಿಡಿಗಾಸೂ ಬೇಡ.

ಈ ಡಿಸೆಂಬರಿಗೆ ಮತ್ತೆ ಹದಿನೈದು ದಿನ ತೂಗುಹಾಕಲಿದ್ದೇವೆ. ಈ ಸಲದ ವಿಷಯ ಮುಖಕ್ಕೆ ಹಚ್ಚುವ ಬಣ್ಣಗಳು. ಕಳೆದ ವಾರ ಎರಡೂ ಶಾಲೆಗಳ ಮಕ್ಕಳು ಕುಳಿತು ಚೀಟಿ ಬರೆಯತೊಡಗಿದರು. ನಮ್ಮ ಹುಡುಗಿ ಹಳದಿ ಬಣ್ಣಕ್ಕೆ ‘ಅರದಾಳ’ ಎಂದು ಬರೆದಳು, ಪಕ್ಕದ ಹುಡುಗ ಅದರ ಕೆಳಗೆ ಮಲಯಾಳದಲ್ಲಿ ‘ಮನಯೋಲ’ ಎಂದು ಬರೆದ. ಕೆಂಪಿಗೆ ಅವಳು ‘ಇಂಗಳೀಕ’ ಎಂದಳು, ಅವನು ‘ಚಾಯಿಲ್ಯಂ’ ಎಂದ. ಕಾಡಿಗೆಗೆ ಬಂದಾಗ ಇಬ್ಬರೂ ನನ್ನ ಕಡೆ ತಿರುಗಿ, “ಮಾಷ್ಟ್ರೇ, ತುಳುವಿನಲ್ಲೂ ಬರೆಯಬೇಕಲ್ಲ, ಚೀಟಿ ಸ್ವಲ್ಪ ದೊಡ್ಡದು ಮಾಡೋಣವೇ?” ಎಂದು ಕೇಳಿದರು. ನಾಳೆ ಮಂಗಳೂರಿಗೆ ಹೋದಾಗ ದಪ್ಪ ಹಾಳೆ ತರಬೇಕು.