ಒಂದು ಇಂಜೆಕ್ಷನ್ ಕೊಟ್ರು, ನೋವು ಹೋಯ್ತು!

ಕಥೆ, ಕಾದಂಬರಿ, ಸೀರಿಯಲ್ ಬರೆಯುವವರ ಮೇಲೆ ನನಗೊಂದು ತಕರಾರಿದೆ. ಆಸ್ಪತ್ರೆ ಸೀನ್ ಬಂತು ಅಂದ್ರೆ ಸಾಕು, ನಾಯಕ ನೋವಿನಿಂದ ಕೂಗುತ್ತಾನೆ. ಡಾಕ್ಟರು ಸಿರಿಂಜ್ ಬೆಳಕಿಗೆ ಹಿಡಿದು, ಎರಡು ಹನಿ ಚಿಮ್ಮಿಸಿ ಚುಚ್ಚುತ್ತಾರೆ. ಸೂಜಿ ಆಚೆ ಬರುವಷ್ಟರಲ್ಲಿ ಅವನಿಗೆ ಗಾಢ ನಿದ್ದೆ. ಮುಂದಿನ ಸೀನಲ್ಲಿ ಎದ್ದು ಕೂತು ಹೆಂಡತಿ ಹತ್ತಿರ ಬದುಕಿನ ಬಗ್ಗೆ ದೊಡ್ಡ ದೊಡ್ಡ ಮಾತಾಡುತ್ತಿರುತ್ತಾನೆ. ಮುಖದಲ್ಲಿ ಬೆವರಿಲ್ಲ, ಕ್ರಾಪು ಕೆಟ್ಟಿಲ್ಲ. ಆ ಔಷಧಿ ಎಲ್ಲಿ ಸಿಗುತ್ತೆ ಅಂತ ಹೇಳಿದ್ರೆ ನಾವೂ ತರಿಸಿ ಇಟ್ಟುಕೊಳ್ಳುತ್ತಿದ್ದೆವು.

ನಾನು ಮೈಸೂರಲ್ಲಿ ನರ್ಸ್ ಆಗಿದ್ದು ರಿಟೈರ್ ಆದವಳು. ಮೂಳೆ ವಾರ್ಡು, ಆಪರೇಷನ್ ಆದವರ ವಾರ್ಡು, ಕ್ಯಾನ್ಸರ್ ಪೇಷೆಂಟುಗಳು ಎಲ್ಲ ನೋಡಿದ್ದೇನೆ. ಈಗ ಬಿಡುವು ಜಾಸ್ತಿ, ಕೈಗೆ ಸಿಕ್ಕ ಕಥೆಯನ್ನೆಲ್ಲ ಓದುತ್ತೇನೆ. ಮಂಡ್ಯದಲ್ಲಿರುವ ನನ್ನ ತಂಗಿ ಮಗ ಕಥೆ ಬರೆಯುತ್ತಾನೆ. ಮೊನ್ನೆ ಒಂದು ಕಳಿಸಿದ್ದ. ಮೈಷುಗರ್ ಕಾರ್ಖಾನೆಗೆ ಕಬ್ಬು ಹೊತ್ತು ಹೊರಟ ಟ್ರಾಕ್ಟರ್ ಮಗುಚಿ ಡ್ರೈವರ್‌ನ ತೊಡೆ ಮೂಳೆ ಮುರಿಯುತ್ತದೆ. ಅಲ್ಲಿವರೆಗೆ ಬಹಳ ಚೆನ್ನಾಗಿದೆ. ಕಬ್ಬಿನ ಗರಿ ತರಚಿದ ಗಾಯವನ್ನೂ ಬಿಟ್ಟಿಲ್ಲ ಹುಡುಗ. ಆಸ್ಪತ್ರೆ ಬಾಗಿಲು ದಾಟಿದ ಮೇಲೆ ಮಾತ್ರ ಮೂರೇ ಸಾಲು. ಮಾರ್ಫಿನ್ (ಅಫೀಮಿನಿಂದ ತೆಗೆಯುವ, ಜೋರು ನೋವಿಗೆ ಕೊಡುವ ಔಷಧಿ), ನಿದ್ದೆ, ಬೆಳಗಾಯ್ತು.

"ಅಷ್ಟೆಲ್ಲ ಡೀಟೇಲ್ ಯಾರಿಗೆ ಬೇಕು ದೊಡ್ಡಮ್ಮ?" ಅಂದ.

ನನಗೆ ಬೇಕು ಕಣೋ. ಕಥೆ ಇರೋದೇ ಅಲ್ಲಿ.

ತೊಡೆ ಮೂಳೆ ಮುರಿದವನು ಅಲ್ಲಾಡದೆ ಮಲಗಿದ್ದರೆ ಹಲ್ಲು ಕಚ್ಚಿ ಹೇಗೋ ತಡೆದುಕೊಳ್ಳುತ್ತಾನೆ. ಸ್ಟ್ರೆಚರ್‌ನಿಂದ ಎಕ್ಸ್‌ರೇ ಟೇಬಲ್ಲಿಗೆ ಎತ್ತಿ ಹಾಕುವಾಗ ನೋಡಿ, ಜೀವ ಬಾಯಿಗೆ ಬರುತ್ತದೆ. ಬಹಳ ಕಡೆ ಮೊದಲು ಸಿಗುವುದು ಮಾರ್ಫಿನ್ ಅಲ್ಲ, ಡೈಕ್ಲೋಫೆನಾಕ್ ಇಲ್ಲವೇ ಟ್ರಮಡಾಲ್ ಅನ್ನುವ ಬೇರೆ ನೋವಿನ ಇಂಜೆಕ್ಷನ್. ಟ್ರಮಡಾಲ್ ಕೊಟ್ಟರೆ ಎಷ್ಟೋ ಜನಕ್ಕೆ ವಾಂತಿ, ಅದಕ್ಕೆ ಇನ್ನೊಂದು ಇಂಜೆಕ್ಷನ್. ಆಮೇಲೆ ಕಾಲನ್ನು ಎಳೆದು ಸ್ಪ್ಲಿಂಟಿಗೆ ಕಟ್ಟಿ ತೂಕ ನೇತುಹಾಕುತ್ತಾರೆ. ಸ್ನಾಯುಗಳ ಸೆಳೆತ ನಿಂತ ಮೇಲೆ ನೋವು ಎಷ್ಟೋ ಇಳಿಯುತ್ತದೆ. ಇದೂ ನೋವಿಗೆ ಮದ್ದೇ. ಯಾವ ಕಥೆಯಲ್ಲೂ ಇದನ್ನು ನಾನು ಓದಿಲ್ಲ. ಈಚೆಗೆ ತೊಡೆ ಸಂದಿಯಲ್ಲಿ ನರದ ಸುತ್ತ ಮರಗಟ್ಟಿಸುವ ಔಷಧಿ ಹಾಕುವುದೂ ಉಂಟು, ಬ್ಲಾಕ್ ಅಂತೀವಿ. ಆಗ ಪೇಷೆಂಟ್ ಪೂರ್ತಿ ಎಚ್ಚರ. ತನ್ನ ತೊಡೆಯನ್ನು ತಾನೇ ಒತ್ತಿ ನೋಡಿ "ಇದು ನಂದೇನಾ ಸಿಸ್ಟರ್?" ಅಂತಾನೆ. ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಸರಿ, ಮಾರ್ಫಿನ್ನೇ ಕೊಟ್ಟರು ಅಂದುಕೊಳ್ಳಿ. ರಕ್ತನಾಳಕ್ಕೆ ಕೊಟ್ಟರೂ ಕೆಲಸ ಶುರುವಾಗಲು 5 ನಿಮಿಷ ಬೇಕು, ಪೂರ್ತಿ ಹಿಡಿತಕ್ಕೆ ಬರಲು 20 ನಿಮಿಷ. ಒಂದೇ ಸಲ ದಬಾಯಿಸಿ ಕೊಡುವುದಿಲ್ಲ. ಸ್ವಲ್ಪ ಕೊಟ್ಟು, ಕಾದು, ಉಸಿರು ನೋಡಿ, ಮತ್ತೆ ಸ್ವಲ್ಪ. 3-4 ಗಂಟೆ ಆದ ಮೇಲೆ ನೋವು ಮತ್ತೆ ತಲೆ ಎತ್ತುತ್ತದೆ. ರಾತ್ರಿ ಹನ್ನೊಂದಕ್ಕೆ ಮಲಗಿದವನು ಮೂರಕ್ಕೆ ಎದ್ದು ಬೆಲ್ ಒತ್ತುತ್ತಾನೆ. ತಲೆಗೆ ಪೆಟ್ಟು ಬಿದ್ದಿದ್ದರಂತೂ ಡಾಕ್ಟರು ಹಿಂದೆ ಮುಂದೆ ನೋಡುತ್ತಾರೆ. ಮಾರ್ಫಿನ್ ಮಂಪರು ತರುತ್ತದೆ, ಕಣ್ಣಪಾಪೆಯನ್ನು ತೀರಾ ಚಿಕ್ಕದು ಮಾಡುತ್ತದೆ. ಮೆದುಳಲ್ಲಿ ರಕ್ತ ಸೋರುತ್ತಿದೆಯಾ ಅಂತ ಸುಳಿವು ಸಿಗುವುದು ಅದೇ ಪಾಪೆಯಿಂದ, ಅದೇ ಎಚ್ಚರದಿಂದ. ಪತ್ತೇದಾರಿ ಕಥೆ ಬರೆಯುವವರು ಇದನ್ನು ಗುರುತು ಹಾಕಿಕೊಳ್ಳಿ.

ನೋವು ಎಷ್ಟಿದೆ ಅಂತ ಕೇಳುವುದೂ ಒಂದು ಕಲೆ. ಸೊನ್ನೆಯಿಂದ ಹತ್ತರೊಳಗೆ ಹೇಳಿ ಅಂತ ಕೇಳಬೇಕು, ಪದ್ಧತಿ ಹಾಗಿದೆ. ನಮ್ಮ ಕಡೆ ಹಳ್ಳಿಯ ಹಿರಿಯರು ಹತ್ತರ ಲೆಕ್ಕಕ್ಕೆ ಸಿಗುವವರಲ್ಲ. "ರೂಪಾಯ್ಗೆ ನಾಕಾಣೆ ಇಳಿದದೆ ಕನವ್ವ" ಅಂತಾರೆ. ಚಾರ್ಟಿನಲ್ಲಿ ಏಳು, ಏಳೂವರೆ ಅಂತ ಬರೆದುಕೊಳ್ಳೋದು. ಒಬ್ಬ ಅಜ್ಜಿಗೆ ಸೊಂಟದ ಆಪರೇಷನ್ ಆಗಿತ್ತು, ಮಾರ್ಫಿನ್ ನಡೀತಿತ್ತು. ಇನ್ನೂ ನೋಯ್ತಿದೆಯಾ ಅಜ್ಜಿ ಅಂದೆ. "ನೋವು ಅದೆ. ಆದ್ರೆ ಆಚೆ ಜಗುಲಿ ಮೇಲೆ ಕೂತಂಗದೆ, ಒಳಿಕ್ಕೆ ಬತ್ತಿಲ್ಲ" ಅಂದರು. ಮಾರ್ಫಿನ್ ಏನು ಮಾಡುತ್ತೆ ಅಂತ ಇಷ್ಟು ಸರಿಯಾಗಿ ನನಗೆ ಯಾವ ಪಾಠಪುಸ್ತಕವೂ ಹೇಳಿಕೊಟ್ಟಿಲ್ಲ. ನೋವು ಮಾಯವಾಗುವುದಿಲ್ಲ, ಅದರ ಕಾಟ ತಪ್ಪುತ್ತದೆ. ಅಜ್ಜಿ ಇದನ್ನು ಹೇಳುವಾಗ ಮೂಗು ಕೆರೆದುಕೊಳ್ಳುತ್ತಿದ್ದರು. ಆ ನವೆಯೂ ಅದೇ ಔಷಧಿಯದು.

ಇನ್ನು ಮಲಬದ್ಧತೆ. ನಗಬೇಡಿ. ಈ ಜಾತಿ ಔಷಧಿ ದಿನಾ ತಗೊಳ್ಳುವವರಿಗೆ ತಪ್ಪದ ತೊಂದರೆ ಇದು. ವಾಂತಿ, ಮಂಪರು ಕೆಲವು ದಿನಕ್ಕೆ ಕಮ್ಮಿಯಾಗುತ್ತವೆ, ಇದು ಆಗುವುದಿಲ್ಲ. ಅದಕ್ಕೇ ಮೊದಲ ದಿನದಿಂದ ಹೊಟ್ಟೆ ಸಡಿಲಕ್ಕೂ ಔಷಧಿ ಬರೆದುಕೊಡುತ್ತಾರೆ. ಮನೆಯವರು ನಂಜನಗೂಡು ರಸಬಾಳೆ ತಂದು ತಿನ್ನಿಸಿ ಸಾಕು ಅಂದುಕೊಳ್ಳುತ್ತಾರೆ. ಸಾಕಾಗಲ್ಲ. ಕಾದಂಬರಿಯ ನಾಯಕರಿಗೆ ಮಾತ್ರ ಈ ಕಷ್ಟ ಬಂದದ್ದೇ ಇಲ್ಲ, ಪುಣ್ಯವಂತರು.

ಎಲ್ಲ ನೋವಿಗೂ ಮಾರ್ಫಿನ್ ಅಂತ ಬರೆಯುವುದೂ ಬೇಡ. ಸುಟ್ಟ ಗಾಯದ ಡ್ರೆಸ್ಸಿಂಗಿಗೆ ಕೆಟಮಿನ್ ಕೊಡುವುದುಂಟು. ಪೇಷೆಂಟ್ ಕಣ್ಣು ತೆರೆದೇ ಇರುತ್ತಾನೆ, ಆದರೆ ನಮ್ಮನ್ನು ನೋಡುತ್ತಿರುವುದಿಲ್ಲ. ಎದ್ದ ಮೇಲೆ ವಿಚಿತ್ರ ಕನಸು ಹೇಳುತ್ತಾನೆ. ಮಾರ್ಫಿನ್ ಜಾತಿಯದೇ ಆದ ಫೆಂಟನಿಲ್ ರಕ್ತನಾಳಕ್ಕೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ಹಿಡಿಯುತ್ತದೆ, ಅಷ್ಟೇ ಬೇಗ ಬಿಡುತ್ತದೆ. ಅದೇ ಫೆಂಟನಿಲ್ಲನ್ನು ಚರ್ಮಕ್ಕೆ ಅಂಟಿಸುವ ಪ್ಯಾಚ್ ಆಗಿ ಕೊಟ್ಟರೆ ಹಿಡಿತಕ್ಕೆ ಬರಲು ಅರ್ಧ ದಿನವಾದರೂ ಬೇಕು. ಸೀರಿಯಲ್ಲಿನ ವಿಲನ್ ಮಾರ್ಫಿನ್ ಜಾಸ್ತಿ ಡೋಸ್ ಕೊಟ್ಟು ಕೊಲ್ಲಲು ಹೋದರೆ ನಲಾಕ್ಸೋನ್ ಅನ್ನುವ ಮಾರುಮದ್ದಿದೆ. ಆದರೆ ಅದರ ಕೆಲಸ ಮಾರ್ಫಿನ್ನಿಗಿಂತ ಬೇಗ ಮುಗಿಯುತ್ತದೆ. ಎದ್ದು ಕೂತವನ ಉಸಿರು ಇನ್ನೊಂದು ಗಂಟೆಯಲ್ಲಿ ಮತ್ತೆ ನಿಧಾನವಾಗಬಹುದು. ಎಪಿಸೋಡ್ ಎಳೆಯುವವರಿಗೆ ಹಬ್ಬ ಅಲ್ವಾ?

ಇಷ್ಟಾದರೆ ಸುಮ್ನೆ ಗೊಣಗಿಕೊಂಡು ಇರುತ್ತಿದ್ದೆ. ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ನಮ್ಮ ಕಥೆಗಳಲ್ಲಿ ಮಾರ್ಫಿನ್ ಬಂತೆಂದರೆ ಎರಡೇ ಅರ್ಥ. ಒಂದು, ಪೇಷೆಂಟ್ ಕಥೆ ಮುಗೀತು. ಇಲ್ಲಾ, ಅವನಿಗೆ ಚಟ ಹತ್ತಿತು. ಇದನ್ನು ನೋಡಿ ನೋಡಿ ಬೆಳೆದ ಮಕ್ಕಳು ನಾಳೆ ಅಪ್ಪನಿಗೆ ಮಾತ್ರೆ ಕೊಡಲು ಹೆದರುತ್ತಾರೆ. ಸರಸ್ವತಿಪುರಂನಲ್ಲಿ ನಮ್ಮ ಪರಿಚಯದ ಒಬ್ಬ ಮೇಷ್ಟ್ರಿಗೆ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಡಾಕ್ಟರು ಬರೆದುಕೊಟ್ಟ ಮಾರ್ಫಿನ್ ಮಾತ್ರೆಯನ್ನು ಮಗ ಬೀರುವಿನಲ್ಲಿಟ್ಟು "ತೀರಾ ಆಗದೇ ಇದ್ದಾಗ ಕೊಡೋಣ ಅಂತ" ಅಂದ. ತಪ್ಪು ಅವನದಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ, ಕ್ಯಾನ್ಸರ್ ನೋವಿಗೆ ಬಾಯಿ ಮೂಲಕ, ಗಡಿಯಾರ ನೋಡಿ ಕೊಡಿ, ನೋವು ಬರಲಿ ಅಂತ ಕಾಯಬೇಡಿ ಅಂತ. ಮಗನ ಜೊತೆ ಕೂತು ಮಾತಾಡಿದ ಮೇಲೆ ನಾಲ್ಕು ಗಂಟೆಗೊಮ್ಮೆ ಕೊಡಲು ಶುರು ಮಾಡಿದ. ಮುಂದಿನ ವಾರ ಹೋದಾಗ ಮೇಷ್ಟ್ರು ಪೇಪರ್ ಓದುತ್ತಾ ಕಾಫಿಗೆ ಡಿಕಾಕ್ಷನ್ ಕಮ್ಮಿ ಅಂತ ಸೊಸೆ ಮೇಲೆ ರೇಗುತ್ತಿದ್ದರು. ಮಾರ್ಫಿನ್ ಮೇಲಿದ್ದ ಮನುಷ್ಯ! ಇಂಥವರು ನಮ್ಮ ಕಥೆಗೆ ಯಾಕೆ ಬರಲ್ಲ?

ಕಾಲವನ್ನೂ ನೋಡಿಕೊಳ್ಳಿ. ಮಾರ್ಫಿನ್ ಬರುವ ಅಫೀಮಿಗಾಗಿ ಗಸಗಸೆ ಗಿಡವನ್ನು ಲೈಸೆನ್ಸ್ ಕೊಟ್ಟು ಬೆಳೆಸುವ ದೇಶ ನಮ್ಮದು. ಗಾಜೀಪುರ, ನೀಮುಚ್‌ಗಳಲ್ಲಿ ಸರ್ಕಾರದ್ದೇ ಅಫೀಮು ಕಾರ್ಖಾನೆಗಳಿವೆ. ಆದರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸಿನ ಗೋಜಲಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಆಗಿ ನಿಯಮ ಸಲೀಸಾಯಿತು. ಹಾಗಾಗಿ 90ರ ದಶಕದ ತಾಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಕೇಳಿದ ತಕ್ಷಣ ಸಿಕ್ಕಿತು ಅಂತ ಬರೆದರೆ ನಾನು ನಂಬಲ್ಲ. ನೋವಿಗೆ ಫೋರ್ಟ್‌ವಿನ್, ಜೊತೆಗೆ ವಾಂತಿ ತಡೆದು ಮಂಪರು ತರುವ ಫೆನರ್ಗಾನ್ ಅಂತ ಬರೆಯಿರಿ, ಆ ಕಾಲದ ನರ್ಸುಗಳೆಲ್ಲ ತಲೆದೂಗುತ್ತಾರೆ.

ಇವತ್ತಿಗೂ ಮಾರ್ಫಿನ್ ಬೀಗ ಹಾಕಿದ ಕಪಾಟಿನಲ್ಲೇ ಇರುತ್ತದೆ. ಕೀ ಡ್ಯೂಟಿ ಸಿಸ್ಟರ್ ಹತ್ತಿರ. ರಿಜಿಸ್ಟರಲ್ಲಿ ಪೇಷೆಂಟ್ ಹೆಸರು, ಟೈಮು, ಎಷ್ಟು ಕೊಟ್ಟದ್ದು, ಎಷ್ಟು ಉಳಿದದ್ದು. ಉಳಿದದ್ದನ್ನು ಇನ್ನೊಬ್ಬರ ಎದುರಿಗೇ ಚೆಲ್ಲಿ ಇಬ್ಬರೂ ಸೈನ್ ಹಾಕಬೇಕು. ಖಾಲಿ ಗಾಜಿನ ಆಂಪೂಲಿಗೂ ಲೆಕ್ಕ. ಕೂಗುತ್ತಿರುವ ಪೇಷೆಂಟು, ಎಲ್ಲೋ ಇರುವ ಕೀ, ಸಹಿಗೆ ಸಿಗದ ಇನ್ನೊಬ್ಬ ಸಿಸ್ಟರ್. ಇದನ್ನೆಲ್ಲ ತಂಗಿ ಮಗನಿಗೆ ಹೇಳಿದೆ. ಹುಡುಗ ಒಳ್ಳೆಯವನು, ಸಿಟ್ಟಾಗದೆ ತಿದ್ದಿ ಕಳಿಸಿದ್ದಾನೆ. ಎಕ್ಸ್‌ರೇ ಟೇಬಲ್ ಬಂದಿದೆ, ವಾಂತಿ ಬಂದಿದೆ, ಮೂರು ಗಂಟೆಯ ಬೆಲ್ಲೂ ಬಂದಿದೆ. ಆದರೆ ಅವನ ನರ್ಸ್ ಇನ್ನೂ ಮಾರ್ಫಿನ್ನನ್ನು ಕೋಟಿನ ಜೇಬಿನಿಂದಲೇ ತೆಗೆಯುತ್ತಿದ್ದಾಳೆ. ವಾಪಸ್ ಕಳಿಸಿದ್ದೇನೆ.